ಆರ್ಕನಾಯ್ಡ್

ಆರ್ಕನಾಯ್ಡ್ ಜಪಾನಿನ ಟೈಟೊ ಕಂಪನಿ 1986ರಲ್ಲಿ ಹೊರತಂದ ಆರ್ಕೇಡ್ ವಿಡಿಯೊ ಗೇಮ್. ವಿನ್ಯಾಸಕರು ಅಕಿರಾ ಫುಜಿತಾ ಮತ್ತು ಹಿರೋಶಿ ತ್ಸುಜಿನೊ. ಒಂದು ಚೆಂಡು, ಅದನ್ನು ತಡೆದು ಮೇಲಕ್ಕಟ್ಟುವ ಒಂದು ಹಲಗೆ, ಮೇಲ್ಗಡೆ ಸಾಲುಗಟ್ಟಿದ ಇಟ್ಟಿಗೆಗಳು: ಸಾಮಗ್ರಿ ಇಷ್ಟೇ, ಅದೂ ಅಮೆರಿಕದ ಅಟಾರಿ ಕಂಪನಿಯ ಬ್ರೇಕ್‌ಔಟ್‌ನಿಂದ (1976) ಪಡೆದದ್ದು. ಹತ್ತು ವರ್ಷ ಕಳೆದು, ಆ ಬಗೆಯ ಆಟ ಹಳತಾದ ಮೇಲೆ ಟೈಟೊ ಅದೇ ಗೋಡೆಯನ್ನು ಮತ್ತೆ ಕಟ್ಟಿ, ಇಟ್ಟಿಗೆಗಳೊಳಗೆ ಕ್ಯಾಪ್ಸೂಲ್‌ಗಳನ್ನು ಬಚ್ಚಿಟ್ಟಿತು. ಅನಂತರ ಬಂದ ಇಟ್ಟಿಗೆ ಒಡೆಯುವ ಆಟಗಳಲ್ಲಿ ಹೆಚ್ಚಿನವು ಈ ಎರಡನೆಯ ಗೋಡೆಯ ಸಂತಾನ.

ಬ್ರೇಕ್‌ಔಟ್ ಸ್ವತಃ ಇನ್ನೊಂದು ಆಟದ ಮರುರೂಪ. ಅಟಾರಿಯ ಪಾಂಗ್ (1972) ಇಬ್ಬರು ಆಡುವ ಟೇಬಲ್ ಟೆನಿಸ್. ಎದುರಾಳಿಯ ಜಾಗದಲ್ಲಿ ಗೋಡೆ ನಿಲ್ಲಿಸಿದರೆ ಒಬ್ಬನೇ ಆಡಬಹುದೆಂಬುದು ನೋಲನ್ ಬುಶ್ನೆಲ್ ಮತ್ತು ಸ್ಟೀವ್ ಬ್ರಿಸ್ಟೊ ಅವರ ಕಲ್ಪನೆ. ಮೊದಲ ಮಾದರಿಯ ಕೆಲಸ ಸಿಕ್ಕಿದ್ದು ಸ್ಟೀವ್ ಜಾಬ್ಸ್‌ಗೆ. ನಾಲ್ಕು ದಿನ ನಿದ್ದೆಗೆಟ್ಟು ಅದನ್ನು ಮಾಡಿಕೊಟ್ಟವರು ಗೆಳೆಯ ಸ್ಟೀವ್ ವೋಜ್ನಿಯಾಕ್. ಅದರಲ್ಲಿ ಮೈಕ್ರೊಪ್ರೊಸೆಸರ್ ಇರಲಿಲ್ಲ, ಆಟವೆಲ್ಲ ಚಿಪ್‌ಗಳ ಜೋಡಣೆಯಲ್ಲೇ ಅಡಗಿತ್ತು. ಪರದೆಯೂ ಕಪ್ಪು-ಬಿಳುಪಿನದು, ಬಣ್ಣದ ಸೆಲೊಫೇನ್ ಪಟ್ಟಿಗಳನ್ನು ಮೇಲೆ ಅಂಟಿಸಿ ಇಟ್ಟಿಗೆಗಳಿಗೆ ಬಣ್ಣ ಬರಿಸಿದ್ದರು. ಜಪಾನಿನಲ್ಲಿ ಈ ಬಗೆಯ ಆಟಗಳಿಗೆ ‘ಬ್ಲಾಕ್ ಕುಝುಶಿ’, ಅಂದರೆ ಇಟ್ಟಿಗೆ ಕೆಡಹುವುದು, ಎಂಬ ಹೆಸರೇ ನಿಂತಿತು. ಟೈಟೊದ ತೊಮೊಹಿರೊ ನಿಶಿಕಾದೊ ಬ್ರೇಕ್‌ಔಟ್‌ನಿಂದ ಪ್ರೇರಣೆ ಪಡೆದು, ಇಟ್ಟಿಗೆಗಳ ಜಾಗದಲ್ಲಿ ಅನ್ಯಗ್ರಹದ ಜೀವಿಗಳನ್ನು ನಿಲ್ಲಿಸಿ ಸ್ಪೇಸ್ ಇನ್ವೇಡರ್ಸ್ (1978) ಮಾಡಿದರು. ಆರ್ಕನಾಯ್ಡ್ ಹಾಗಾಗಿ ಅದೇ ಕಂಪನಿ ಅದೇ ಬಾವಿಯಿಂದ ಎರಡನೆಯ ಸಲ ಸೇದಿದ ನೀರು.

ಕತೆ ಹೆಸರಿಗಷ್ಟೇ. ಆರ್ಕನಾಯ್ಡ್ ಎಂಬ ಮಾತೃನೌಕೆ ನಾಶವಾಗಿದೆ. ಅದರಿಂದ ಪಾರಾದ ವೌಸ್ ಎಂಬ ಕಿರುನೌಕೆ ಯಾರೋ ತಿರುಚಿದ ಅಂತರಿಕ್ಷದಲ್ಲಿ ಸಿಕ್ಕಿಬಿದ್ದಿದೆ. ನಾವು ಎಡಕ್ಕೂ ಬಲಕ್ಕೂ ಸರಿಸುವ ಹಲಗೆಯೇ ಈ ವೌಸ್. ಸರಿಸುವ ಸಾಧನ ಹಳೆಯ ರೇಡಿಯೊದಲ್ಲಿ ಸ್ಟೇಷನ್ ಹುಡುಕುವಾಗ ತಿರುಗಿಸುತ್ತಿದ್ದಂಥ ಗುಂಡಿ. ಜಾಯ್‌ಸ್ಟಿಕ್ ಹಲಗೆಗೆ ದಿಕ್ಕನ್ನಷ್ಟೇ ಹೇಳುತ್ತದೆ. ತಿರುಗುವ ಗುಂಡಿ ಎಷ್ಟು ದೂರ, ಎಷ್ಟು ಬೇಗ ಎಂಬುದನ್ನೂ ಬೆರಳಿನಿಂದಲೇ ತಿಳಿಸುತ್ತದೆ. ಚೆಂಡು ಹಲಗೆಯ ಯಾವ ಭಾಗಕ್ಕೆ ಬಡಿಯಿತು ಎಂಬುದರ ಮೇಲೆ ಅದು ಚಿಮ್ಮುವ ಕೋನ ನಿಂತಿರುವುದರಿಂದ ಈ ಸೂಕ್ಷ್ಮ ಇಲ್ಲದೆ ಗುರಿ ಸಾಧ್ಯವಿಲ್ಲ.

ಒಡೆದ ಕೆಲವು ಇಟ್ಟಿಗೆಗಳಿಂದ ಅಕ್ಷರ ಬರೆದ ಕ್ಯಾಪ್ಸೂಲ್ ನಿಧಾನವಾಗಿ ಕೆಳಗಿಳಿಯುತ್ತದೆ. ವೌಸ್‌ನಿಂದ ಅದನ್ನು ಮುಟ್ಟಿದರೆ ಫಲ. ‘ಇ’ ಹಲಗೆಯನ್ನು ಉದ್ದ ಮಾಡುತ್ತದೆ. ‘ಎಸ್’ ಚೆಂಡಿನ ವೇಗ ತಗ್ಗಿಸುತ್ತದೆ. ‘ಸಿ’ ಸಿಕ್ಕಿದರೆ ಚೆಂಡು ಹಲಗೆಗೆ ಅಂಟಿ ನಿಲ್ಲುತ್ತದೆ, ಬೇಕಾದಾಗ ಬಿಡಬಹುದು. ‘ಡಿ’ ಒಂದು ಚೆಂಡನ್ನು ಮೂರಾಗಿಸುತ್ತದೆ. ‘ಎಲ್’ ವೌಸ್‌ಗೆ ಲೇಸರ್ ಕೊಡುತ್ತದೆ. ‘ಪಿ’ ಇನ್ನೊಂದು ಜೀವ. ‘ಬಿ’ ಪರದೆಯ ಬದಿಯಲ್ಲಿ ಮುಂದಿನ ಸುತ್ತಿಗೆ ಬಾಗಿಲು ತೆರೆಯುತ್ತದೆ. ಬ್ರೇಕ್‌ಔಟ್‌ನಲ್ಲಿ ಕಣ್ಣಿಗಿದ್ದದ್ದು ಒಂದೇ ಕೆಲಸ, ಚೆಂಡನ್ನು ಬಿಡದೆ ನೋಡುವುದು. ಇಲ್ಲಿ ಎಡಗಡೆ ಕ್ಯಾಪ್ಸೂಲ್ ಇಳಿಯುತ್ತಿರುವಾಗ ಬಲಗಡೆ ಚೆಂಡು ಬೀಳುತ್ತಿರುತ್ತದೆ. ಆಸೆಗೆ ಓಡಿದವನು ಜೀವ ಕಳೆದುಕೊಳ್ಳುತ್ತಾನೆ. ಇಷ್ಟಕ್ಕೇ ಮುಗಿಯಲಿಲ್ಲ: ಹೊಸ ಶಕ್ತಿ ಬಂದರೆ ಹಳೆಯದು ಹೋಗುತ್ತದೆ. ಲೇಸರ್ ಕೈಯಲ್ಲಿದ್ದಾಗ ‘ಎಸ್’ ತಲೆಯ ಮೇಲೆ ಬೀಳುತ್ತಿದ್ದರೆ ತಪ್ಪಿಸಿಕೊಂಡು ಸರಿಯುವುದೇ ಜಾಣತನ. ಮೂರು ಚೆಂಡು ಆಡುತ್ತಿರುವಷ್ಟು ಹೊತ್ತು ಕ್ಯಾಪ್ಸೂಲ್ ಬೀಳುವುದೂ ಇಲ್ಲ. ವರವನ್ನೂ ಲೆಕ್ಕ ಹಾಕಿ ಪಡೆಯಬೇಕಾದ ಈ ಬಿಕ್ಕಟ್ಟೇ ಆಟದ ನಿಜವಾದ ಆವಿಷ್ಕಾರ. ಬಣ್ಣ, ಸಂಗೀತ, ಅಂತರಿಕ್ಷದ ಕತೆ ಎಲ್ಲ ಅದರ ಮುಂದೆ ಒಡವೆ.

ಇಟ್ಟಿಗೆಗಳೂ ಒಂದೇ ಜಾತಿಯವಲ್ಲ. ಬಣ್ಣದವು ಒಂದೇ ಏಟಿಗೆ ಒಡೆಯುತ್ತವೆ, ಬಣ್ಣಕ್ಕೆ ತಕ್ಕಂತೆ 50ರಿಂದ 120 ಅಂಕ. ಬೆಳ್ಳಿಯವಕ್ಕೆ ಮೊದಲು ಎರಡು ಏಟು ಸಾಕು, ಮುಂದಿನ ಸುತ್ತುಗಳಲ್ಲಿ ಇನ್ನೂ ಹೆಚ್ಚು ಬೇಕು. ಚಿನ್ನದವು ಒಡೆಯುವುದೇ ಇಲ್ಲ. ಹೀಗಾಗಿ ಪ್ರತಿ ಸುತ್ತೂ ಬೇರೆ ಬೇರೆ ಆಕಾರದ ಕೋಟೆಯಾಗುತ್ತದೆ, ಒಳಹೊಗಲು ಕಿಂಡಿ ಹುಡುಕಬೇಕಾಗುತ್ತದೆ. ಮೇಲಿನಿಂದ ತೇಲಿ ಬರುವ ಶತ್ರುಗಳು ವೌಸ್‌ಗೆ ಅಪಾಯ ಮಾಡುವುದಿಲ್ಲ. ಚೆಂಡಿಗೆ ಅಡ್ಡಬಂದು ದಾರಿ ತಪ್ಪಿಸುತ್ತವೆ, ಅಷ್ಟು ಸಾಕು. ಮೂಲದ ಒಂದು ದೋಷ ಮಾತ್ರ ಹಾಗೇ ಉಳಿಯಿತು: ಮೂಲೆಯಲ್ಲಿ ಉಳಿದ ಒಂದೇ ಒಂದು ಇಟ್ಟಿಗೆಗಾಗಿ ಚೆಂಡು ಸುಮ್ಮನೆ ಅಲೆಯುವುದನ್ನು ಕಾಯುವ ಬೇಸರ. ಲೇಸರ್ ಇದ್ದರೆ ಅದಕ್ಕೆ ಪರಿಹಾರವಿದೆ, ಇಲ್ಲದಿದ್ದರೆ ಇಲ್ಲ.

ಒಟ್ಟು 33 ಸುತ್ತು. ಕೊನೆಯದರಲ್ಲಿ ಇಟ್ಟಿಗೆಗಳಿಲ್ಲ, ಈಸ್ಟರ್ ದ್ವೀಪದ ಮೊವಾಯಿ ಶಿಲಾಮುಖವನ್ನು ಹೋಲುವ ಡೋ ಎಂಬ ಭಾರಿ ತಲೆಯೊಂದು ಬಾಯಿಂದ ಕಿಡಿಗಳನ್ನು ಉಗುಳುತ್ತದೆ. ಆರ್ಕೇಡ್‌ನಲ್ಲಿ ಇಲ್ಲಿ ಸೋತರೆ ಮತ್ತೊಂದು ನಾಣ್ಯ ಹಾಕಿ ಮುಂದುವರಿಸಲು ಅವಕಾಶವಿಲ್ಲ.

ಮನೆಯ ಯಂತ್ರಗಳಿಗೆ ಬಂದಾಗ ಆಟ ಎದುರಿಸಿದ ಕಷ್ಟ ಆ ತಿರುಗುವ ಗುಂಡಿಯದೇ. ನಿಂಟೆಂಡೊ ಎನ್‌ಇಎಸ್ ಆವೃತ್ತಿಯ ಜೊತೆಗೆ ವೌಸ್ ಹೆಸರಿನ ವಿಶೇಷ ನಿಯಂತ್ರಕವನ್ನೇ ಮಾರಿದರು. ಅಮಿಗಾ, ಅಟಾರಿ ಎಸ್‌ಟಿ ಕಂಪ್ಯೂಟರ್‌ಗಳಲ್ಲಿ ಮೌಸ್ ಆ ಕೆಲಸ ಮಾಡಿತು. ಕಮಡೋರ್ 64ರ ಆವೃತ್ತಿಗೆ ಮಾರ್ಟಿನ್ ಗಾಲ್ವೇ ರಚಿಸಿದ ಸಂಗೀತ ಇಂದಿಗೂ ಹೆಸರುವಾಸಿ.

ಮುಂದಿನ ಭಾಗ ರಿವೆಂಜ್ ಆಫ್ ಡೋ 1987ರಲ್ಲಿ ಬಂತು. ಅದರಲ್ಲಿ ಪ್ರತಿ ಸುತ್ತಿನ ಕೊನೆಗೆ ಎಡ ಬಲ ಎರಡೂ ಬಾಗಿಲು ತೆರೆಯುತ್ತವೆ, ಯಾವ ದಾರಿ ಎಂಬುದು ಆಟಗಾರನ ಆಯ್ಕೆ. ಆಮೇಲಿನ ಅನುಕರಣೆಗಳಿಗೆ ಲೆಕ್ಕವಿಲ್ಲ. ಕನ್ನಡದ ಓದುಗರಲ್ಲಿ ಹಲವರು ಈ ವಂಶವನ್ನು ಮೂಲದ ಹೆಸರು ಕೇಳದೆಯೇ ಬಲ್ಲರು: ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಕೈಯಿಂದ ಕೈಗೆ ಹರಿದಾಡಿದ ಡಿಎಕ್ಸ್-ಬಾಲ್ (1996), ಬ್ಲ್ಯಾಕ್‌ಬೆರಿ ಫೋನಿನೊಳಗೇ ಇರುತ್ತಿದ್ದ ಬ್ರಿಕ್‌ಬ್ರೇಕರ್ ಎರಡರಲ್ಲೂ ಮೇಲಿಂದ ಉದುರುವುದು ಆರ್ಕನಾಯ್ಡ್‌ನ ಕ್ಯಾಪ್ಸೂಲ್‌ಗಳೇ. ಟೈಟೊ 2017ರಲ್ಲಿ ಮೊಬೈಲ್ ಫೋನಿಗಾಗಿ ತನ್ನ ಎರಡೂ ಆಟಗಳನ್ನು ಬೆಸೆದು ಆರ್ಕನಾಯ್ಡ್ ವರ್ಸಸ್ ಸ್ಪೇಸ್ ಇನ್ವೇಡರ್ಸ್ ಎಂಬುದನ್ನು ತಂದಿತು. ಅದರಲ್ಲಿ ವೌಸ್ ಇನ್ವೇಡರ್‌ಗಳ ಗುಂಡುಗಳನ್ನೇ ಚೆಂಡಿನಂತೆ ತಿರುಗಿ ಹೊಡೆಯುತ್ತದೆ.