ನಾಯಿ, ಕುರಿ, ನಾವು: ಹೈಡಟಿಡ್ ಹುಳದ ತಳಿ ಯಾವುದು ಅಂತ ಯಾಕೆ ಗೊತ್ತಾಗಬೇಕು?

ಬೀದಿನಾಯಿಗಳ ಬಗ್ಗೆ ನಾವು ಆಡುವ ಜಗಳವೆಲ್ಲ ಕಡಿತ ಮತ್ತು ರೇಬೀಸ್ ಸುತ್ತಲೇ ತಿರುಗುತ್ತೆ. ನಾಯಿ ಕಚ್ಚದೆಯೂ ದಾಟಿಸುವ ರೋಗವೊಂದಿದೆ, ಹೈಡಟಿಡ್. ಇದಕ್ಕೆ ಕಾರಣ ಎಕಿನೊಕಾಕಸ್ ಗ್ರ್ಯಾನುಲೋಸಸ್ ಎಂಬ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳು.

ಹುಳು ಬೆಳೆಯೋದು ನಾಯಿಯ ಕರುಳಿನಲ್ಲಿ. ಮೊಟ್ಟೆಗಳು ಮಲದ ಜೊತೆ ಹೊರಬಂದು ಹುಲ್ಲು, ನೀರು, ಮಣ್ಣು ಸೇರುತ್ತವೆ. ಅದನ್ನು ಮೇಯ್ದ ಕುರಿ, ದನ, ಎಮ್ಮೆಗಳ ಪಿತ್ತಜನಕಾಂಗ ಮತ್ತು ಶ್ವಾಸಕೋಶದಲ್ಲಿ ನೀರು ತುಂಬಿದ ಗಡ್ಡೆಗಳು ಏಳುತ್ತವೆ. ಕಡಿದ ಮೇಲೆ ಆ ಭಾಗವನ್ನು ನಾಯಿಗೆ ಎಸೆದರೆ ಚಕ್ರ ಮತ್ತೆ ಶುರು. ಮನುಷ್ಯರಿಗೆ ಇದು ಮಾಂಸ ತಿನ್ನೋದರಿಂದ ಬರಲ್ಲ. ಮೊಟ್ಟೆ ಅಂಟಿದ ಕೈ, ತೊಳೆಯದ ಸೊಪ್ಪು, ಕೊಳಕು ನೀರಿನಿಂದ ಬರುತ್ತೆ. ಹಾಗಾಗಿ ಸಸ್ಯಾಹಾರಿಗಳು ನಿಶ್ಚಿಂತರಾಗಬೇಕಿಲ್ಲ. ಗಡ್ಡೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆವರೆಗೂ ಎಳೆಯಬಹುದು. ಡಬ್ಲ್ಯುಎಚ್ಒ ಇದನ್ನು ನಿರ್ಲಕ್ಷಿತ ರೋಗಗಳ ಪಟ್ಟಿಯಲ್ಲಿಟ್ಟಿದೆ.

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಕುರಿಗಾರರ ಬದುಕು ನೋಡಿ. ಕುರಿ ಹಿಂಡು, ಕಾವಲಿಗೆ ನಾಯಿ, ಹೊಲದಲ್ಲೇ ಬಿಡಾರ, ಮಕ್ಕಳೂ ಅಲ್ಲೇ. ಹುಳಕ್ಕೆ ಬೇಕಾದದ್ದೆಲ್ಲ ಒಂದೇ ಕಡೆ ಸಿಗುತ್ತೆ. ಇದು ಕುರಿಗಾರರ ತಪ್ಪಲ್ಲ. ಮಾಂಸ ಪರೀಕ್ಷೆಯನ್ನೂ ನಾಯಿಗೆ ಮಾತ್ರೆಯನ್ನೂ ಅವರ ತನಕ ಒಯ್ಯಬೇಕಾದದ್ದು ಸರ್ಕಾರ.

ಈಗ ತಳಿ ವಿಷಯ. ಹುಳಗಳೆಲ್ಲ ಒಂದೇ ಥರ ಕಂಡರೂ ಅವುಗಳ ಮೈಟೊಕಾಂಡ್ರಿಯಾ ಡಿಎನ್ಎ ಓದಿದವರು ಜಿ1, ಜಿ3, ಜಿ5, ಜಿ6 ಹೀಗೆ ವಿಂಗಡಿಸಿದ್ದಾರೆ. ಜಿ1 ಕುರಿ ತಳಿ, ಜಿ3 ಎಮ್ಮೆ ತಳಿ, ಜಿ5 ದನದ ತಳಿ. ಜಿ5 ಎಷ್ಟು ಬೇರೆ ಅಂದ್ರೆ ಅದನ್ನೀಗ ಎಕಿನೊಕಾಕಸ್ ಆರ್ಟ್ಲೆಪ್ಪಿ ಎಂಬ ಪ್ರತ್ಯೇಕ ಪ್ರಭೇದ ಅಂತಲೇ ಕರೀತಾರೆ. ಮುಂಬೈ ಪಶುವೈದ್ಯಕೀಯ ಕಾಲೇಜಿನ ಸಂಶೋಧಕರು ಆಸ್ಟ್ರೇಲಿಯಾದವರ ಜೊತೆ ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾಣಿಗಳಲ್ಲಿ ಹೆಚ್ಚು ಸಿಕ್ಕಿದ್ದು ಜಿ3. ಆಮೇಲೆ ಜಿ5, ಜಿ1. ಪಠ್ಯಪುಸ್ತಕದ ಕುರಿ-ನಾಯಿ ಚಕ್ರವಷ್ಟೇ ನಮ್ಮ ಕಥೆಯಲ್ಲ, ಎಮ್ಮೆಯೂ ದನವೂ ಇದರಲ್ಲಿವೆ.

ಇದರಿಂದೇನು? ಲೆಕ್ಕ ಹಾಕಿ. ಕುರಿ ತಳಿಯ ಹುಳು ನಾಯಿಯೊಳಗೆ ಮೊಟ್ಟೆಯಿಡೋಕೆ ಆರು ವಾರಕ್ಕಿಂತ ಹೆಚ್ಚು ಸಮಯ ತಗೊಳ್ಳುತ್ತೆ. ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಕೊಡುವ ಪದ್ಧತಿ ಹುಟ್ಟಿದ್ದು ಈ ಲೆಕ್ಕದಿಂದಲೇ. ಜಿ5 ಸುಮಾರು 35 ದಿನಕ್ಕೇ ಮೊಟ್ಟೆ ಶುರುಮಾಡುತ್ತೆ, ಅಂದ್ರೆ 42ನೇ ದಿನದ ಮಾತ್ರೆಗೆ ಒಂದು ವಾರ ಮೊದಲೇ. ನಮ್ಮ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿ ಜಂತುನಾಶಕದ ಮಾತೇನೋ ಇದೆ. ಆದರೆ ಸಂತಾನಹರಣದ ದಿನ ಒಮ್ಮೆ ಮಾತ್ರೆ ನುಂಗಿಸಿ ಬಿಟ್ಟ ನಾಯಿ ಮರುದಿನ ಮಾಂಸದಂಗಡಿ ಹಿಂದೆ ಗಡ್ಡೆ ತಿಂದರೆ ಕೆಲಸ ಮುಗೀತು.

ಐಸ್‌ಲ್ಯಾಂಡ್ ಇಂಥ ಔಷಧಿಯೇ ಇಲ್ಲದ 1860ರ ದಶಕದಲ್ಲಿ, ಮನೆಮನೆಗೆ ಕೈಪಿಡಿ ಹಂಚಿ ಅಭಿಯಾನ ಶುರುಮಾಡಿ, ಕ್ರಮೇಣ ಈ ರೋಗವನ್ನು ನಿರ್ಮೂಲ ಮಾಡಿತು. ಗಡ್ಡೆಯಿರುವ ಅಂಗಾಂಗ ನಾಯಿಗೆ ಹಾಕಬೇಡಿ, ಹೂತುಬಿಡಿ ಅಥವಾ ಸುಡಿ ಅನ್ನೋದೇ ಅದರ ತಿರುಳು.

ನಮ್ಮಲ್ಲಿ ಗಡಿಯ ತೊಡಕೂ ಇದೆ. ಕಾಗವಾಡ, ಅಥಣಿಯವರು ದೊಡ್ಡ ಆಸ್ಪತ್ರೆ ಅಂದ್ರೆ ಮಿರಜ್‌ಗೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಹೋಗ್ತಾರೆ. ಅಲ್ಲಿ ತೆಗೆದ ಗಡ್ಡೆಯ ದಾಖಲೆ ಬೆಳಗಾವಿ ಜಿಲ್ಲೆಯ ಲೆಕ್ಕಕ್ಕೆ ಬರಬೇಕಾದರೆ ಎರಡು ರಾಜ್ಯಗಳು ಮಾತಾಡಬೇಕು. ಅಥಣಿಗೆ ಪಶುವೈದ್ಯಕೀಯ ಕಾಲೇಜು ಬಂದಿದೆ. ಐದೂ ತಾಲೂಕಿನ ಮಾಂಸದಂಗಡಿಗಳಿಂದ ಮಾದರಿ ಸಂಗ್ರಹಿಸೋಕೆ ಅದಕ್ಕಿಂತ ಹತ್ತಿರದವರು ಯಾರು? ಶಸ್ತ್ರಚಿಕಿತ್ಸಕರು ಗಡ್ಡೆಯ ಚೂರೊಂದನ್ನು, ಡಿಎನ್ಎ ಕೆಡಿಸುವ ಫಾರ್ಮಲಿನ್ ಬದಲು ಎಥನಾಲ್‌ನಲ್ಲಿ ಇಟ್ಟರೆ ಮನುಷ್ಯರಲ್ಲಿರೋ ತಳಿಯೂ ಗೊತ್ತಾಗುತ್ತೆ.