ಶಬರಿಯ ಬುಟ್ಟಿಗೆ ಬಾರೆ ಬಂದ ಬಗೆ

ಹೊಸಪೇಟೆ, ಹಂಪಿ, ಸಂಡೂರು ಪರಿಸರದ ಕುರುಚಲು ಕಾಡುಗಳಲ್ಲಿ ತಾನಾಗಿಯೇ ಬೆಳೆಯುವ ಮುಳ್ಳುಗಿಡ ಬಾರೆ. ಹಳೆಯ ಮೈಸೂರು ಸೀಮೆಯಲ್ಲಿ ಇದು ಎಲಚಿ, ಸಂಸ್ಕೃತದಲ್ಲಿ ಬದರಿ. ಇಂಗ್ಲಿಷಿನಲ್ಲಿ ಇದಕ್ಕೆ ‘ಇಂಡಿಯನ್ ಪ್ಲಮ್’ ಎಂಬ ಹೆಸರಿದ್ದರೂ ಪ್ಲಮ್ ಗುಲಾಬಿಯ ಕುಟುಂಬಕ್ಕೆ ಸೇರಿದ್ದು, ಬಾರೆಯ ಕುಟುಂಬವೇ ಬೇರೆ. ಈ ಬಡ ಹಣ್ಣಿಗೆ ಕೀರ್ತಿ ತಂದವಳು ಶಬರಿ.

ಆನೆಗೊಂದಿಯ ಬಳಿಯ ಪಂಪಾ ಸರೋವರದಲ್ಲಿ ಶಬರಿಯದೆಂದು ಗುಹೆಯೊಂದನ್ನು ತೋರಿಸುತ್ತಾರೆ. ಆಕೆ ಒಂದೊಂದೇ ಬಾರೆಹಣ್ಣನ್ನು ಕಚ್ಚಿ ನೋಡಿ, ಸಿಹಿಯಾದದ್ದನ್ನಷ್ಟೇ ರಾಮನಿಗೆ ಕೊಟ್ಟಳೆಂಬುದು ಎಲ್ಲರೂ ಬಲ್ಲ ಕಥೆ. ಆದರೆ ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಲ್ಲಿ ಪ್ರಸಂಗ ಹೀಗಿಲ್ಲ. ಪಂಪೆಯ ದಡದಲ್ಲಿ ಬೆಳೆದ ನಾನಾ ಬಗೆಯ ಕಾಡಿನ ಆಹಾರವನ್ನು ಕೂಡಿಟ್ಟಿರುವುದಾಗಿ ಆಕೆ ಹೇಳುತ್ತಾಳೆ. ಬಾರೆಯ ಹೆಸರಿಲ್ಲ, ಎಂಜಲಿನ ಮಾತೂ ಇಲ್ಲ. ತುಳಸೀದಾಸರು ಕಂದಮೂಲ ಫಲಗಳೆಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ. ಬಲರಾಮದಾಸರ ಒಡಿಯಾ ರಾಮಾಯಣದಲ್ಲಿ ಶಬರಿ ಕೊಡುವುದು ಮಾವು. 1712ರಲ್ಲಿ ಪ್ರಿಯಾದಾಸರು ‘ಭಕ್ತಮಾಲ’ಕ್ಕೆ ವ್ಯಾಖ್ಯಾನ ಬರೆಯುವ ಹೊತ್ತಿಗೆ ರುಚಿ ನೋಡಿ ಆರಿಸಿದ ಬಾರೆಯ ಕಥೆ ರೂಪುಗೊಂಡಿತ್ತು.

ಬಾರೆಯೇ ಏಕೆ? ಮಾವಿನ ತೋಪಿಗೆ ಒಡೆಯನಿರುತ್ತಾನೆ, ಕಾಡುಬಾರೆಗೆ ಇಲ್ಲ. ಏನೂ ಇಲ್ಲದವರೂ ಕೊಡಬಲ್ಲ ಹಣ್ಣು ಅದು. ಮೇಲಾಗಿ ಒಂದೇ ಗಿಡದಲ್ಲಿ ಒಂದು ಹಣ್ಣು ಸಿಹಿ, ಇನ್ನೊಂದು ಹುಳಿ, ಮತ್ತೊಂದರೊಳಗೆ ಹುಳು. ಕಚ್ಚದೆ ತಿಳಿಯದು. ಮಡಿ-ಮೈಲಿಗೆಯ ಹೆಸರಿನಲ್ಲಿ ಜನರನ್ನು ದೂರವಿಟ್ಟಿದ್ದ ಸಮಾಜಕ್ಕೆ, ಪ್ರೀತಿಯ ಮುಂದೆ ಎಂಜಲು ಎಂಜಲಲ್ಲ ಎಂದು ಹೇಳಬೇಕಿದ್ದ ಭಕ್ತಿಪಂಥಕ್ಕೆ ಇದಕ್ಕಿಂತ ಒಪ್ಪುವ ಹಣ್ಣು ಸಿಗುತ್ತಿರಲಿಲ್ಲ.

ಸಂಕ್ರಾಂತಿಯಂದು ಎಲಚಿಯನ್ನು ಕಬ್ಬಿನ ಚೂರು, ಚಿಲ್ಲರೆ ನಾಣ್ಯಗಳೊಡನೆ ಪುಟ್ಟ ಮಕ್ಕಳ ತಲೆಯ ಮೇಲೆ ಎರೆಯುವ ಪದ್ಧತಿ ನಾಡಿನಲ್ಲಿ ಉಳಿದಿದೆ. ಮನುಷ್ಯರಂತೆ ಕರಡಿಗಳಿಗೂ ಬಾರೆ ಪ್ರಿಯ. ಹಣ್ಣು ತಿಂದು ದೂರದೂರಕ್ಕೆ ಬೀಜ ಹರಡುತ್ತವೆ. ಹಂಪಿಗೆ ಸಮೀಪದ ದರೋಜಿ ಕಾಡು 1994ರಲ್ಲಿ ಕರಡಿಧಾಮವಾಯಿತು. ಆದರೆ ಸಂಡೂರಿನ ಗುಡ್ಡಗಳಲ್ಲಿ ಅದಿರಿಗಾಗಿ ಕುರುಚಲು ಕಾಡು ಕರಗಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರಲ್ಲಿ ಗುಡ್ಡಗಳ ಪುನಶ್ಚೇತನದ ಷರತ್ತಿನೊಡನೆ ಹಲವು ಗಣಿಗಳಿಗೆ ಮತ್ತೆ ಅವಕಾಶ ನೀಡಿತು. ಒಡೆಯನಿಲ್ಲದ ಗಿಡದ ಪರವಾಗಿ ವಾದಿಸುವವರು ಕಡಿಮೆ.

ಪೇಟೆಯಲ್ಲಿ ಈಗ ಸೇಬಿನಂತೆ ದಪ್ಪನೆಯ ಕಸಿಬಾರೆ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಅದರ ರುಚಿ ಹೆಚ್ಚುಕಡಿಮೆ ಒಂದೇ. ಕಚ್ಚಿ ನೋಡಿ ಆರಿಸುವ ಅಗತ್ಯವಿಲ್ಲ. ಶಬರಿಯ ಕಥೆ ಅರ್ಥವಾಗಬೇಕಾದರೆ ಮಾತ್ರ ಗುಡ್ಡದ ಬಾರೆಯೇ ಬೇಕು.