ಹುಟ್ಟು ಹಾಕಲು ಕಲಿಸಿದವರು

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ಕಾಲೇಜುಗಳಲ್ಲಿ ರೋಯಿಂಗ್ ಕ್ಲಬ್ಬಿನ ವರ್ಷವೂ ಓದಿನ ವರ್ಷವೂ ಒಟ್ಟೊಟ್ಟಿಗೆ ಸಾಗುತ್ತವೆ. ಅಕ್ಟೋಬರಿನಲ್ಲಿ ಹೊಸದಾಗಿ ಸೇರಿದವರನ್ನು ಎಂಟು ಜನರ ದೋಣಿಯಲ್ಲಿ ಕೂರಿಸಿ ಹುಟ್ಟು ಹಿಡಿಯುವುದನ್ನು ಕಲಿಸುತ್ತಾರೆ. ಕ್ರಿಸ್‌ಮಸ್ ರಜೆ ಮುಗಿಸಿ ಬಂದವರಿಗೆ ಕೊರೆಯುವ ಚಳಿಯಲ್ಲೇ ಪಂದ್ಯಗಳು ಕಾದಿರುತ್ತವೆ. ಆಕ್ಸ್‌ಫರ್ಡಿನಲ್ಲಿ ಅದಕ್ಕೆ ಟಾರ್ಪಿಡ್ಸ್ ಎಂದು ಹೆಸರು, ಕೇಂಬ್ರಿಜ್‌ನಲ್ಲಿ ಲೆಂಟ್ ಬಂಪ್ಸ್. ಬೇಸಿಗೆಯ ಟರ್ಮಿನಲ್ಲಿ ಆಕ್ಸ್‌ಫರ್ಡಿನವರಿಗೆ ಏಟ್ಸ್, ಕೇಂಬ್ರಿಜ್‌ನವರಿಗೆ ಮೇ ಬಂಪ್ಸ್. ಹೆಸರು ಮೇ ಆದರೂ ಅದು ನಡೆಯುವುದು ಜೂನ್‌ನಲ್ಲಿ. ಆಕ್ಸ್‌ಫರ್ಡಿನ ಒಂದು ಟರ್ಮಿನಲ್ಲಿ ಪಾಠ ನಡೆಯುವುದು ಬರೀ ಎಂಟು ವಾರ. ಅಷ್ಟರಲ್ಲೇ ತಂಡ ಕಟ್ಟಬೇಕು, ತರಬೇತಿ ಮುಗಿಸಬೇಕು, ಪಂದ್ಯವನ್ನೂ ಆಡಬೇಕು. ಬೆಳಗಿನ ಉಪನ್ಯಾಸಕ್ಕೆ ಮೊದಲೇ, ಇನ್ನೂ ಕತ್ತಲಿರುವಾಗ ನದಿಗಿಳಿಯುವ ರೂಢಿ ಬೆಳೆದದ್ದು ಈ ಇಕ್ಕಟ್ಟಿನಿಂದ. ಸುಮಾರು ಇನ್ನೂರು ವರ್ಷಗಳ ಈ ಸಂಪ್ರದಾಯವನ್ನು ಸಾಮಾನ್ಯವಾಗಿ ಉಳ್ಳವರ ಮನೆಯ ವಿದ್ಯಾರ್ಥಿಗಳು ತಾವೇ ಕಟ್ಟಿಕೊಂಡದ್ದು ಎಂದು ಹೇಳುತ್ತಾರೆ. ಈ ಕಥೆ ಅರ್ಧ ಮಾತ್ರ ನಿಜ. ಪಂದ್ಯದ ರೀತಿ ವಿದ್ಯಾರ್ಥಿಗಳದ್ದು, ಸರಿ. ಆದರೆ ಅವರು ಕೂತ ದೋಣಿ, ಅವರ ಕೈಗೆ ಬಂದ ಕಸುಬು, ಕೊನೆಗೆ ಅವರು ತಿಂದ ಪಥ್ಯದ ಊಟ ಕೂಡ ಬಹುಪಾಲು ದುಡಿಯುವ ಜನರಿಂದ ಬಂದವು. ಆ ಜನರನ್ನೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಿಯಮ ಬರೆದು ಹೊರಗೆ ಹಾಕಲಾಯಿತು. ಕಾಲೇಜು ರೋಯಿಂಗಿನ ಇತಿಹಾಸ ಬರೆಯುವವರು ಈ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳಿಬಿಡುತ್ತಾರೆ. ಅದು ಆ ಇತಿಹಾಸದ ನಡುವೆಯೇ ಇರಬೇಕಾದದ್ದು ಎಂಬುದು ನನ್ನ ವಾದ.

ಮೊದಲು ವಿದ್ಯಾರ್ಥಿಗಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಆಕ್ಸ್‌ಫರ್ಡಿನಲ್ಲಿ ಹರಿಯುವ ಥೇಮ್ಸ್‌ಗೆ ಅಲ್ಲಿನವರು ಐಸಿಸ್ ಎನ್ನುತ್ತಾರೆ; ಕೇಂಬ್ರಿಜ್‌ನದು ಕ್ಯಾಮ್. ಎರಡೂ ಕಿರಿದಾದ ನದಿಗಳು. ಹತ್ತಾರು ದೋಣಿಗಳು ಅಕ್ಕಪಕ್ಕ ನಿಂತು ಓಡಲು ಅಲ್ಲಿ ಜಾಗವಿಲ್ಲ. ಹಾಗಾಗಿ ದೋಣಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿ, ನಡುವೆ ಸುಮಾರು ಒಂದೂವರೆ ದೋಣಿಯಷ್ಟು ಅಂತರ ಬಿಟ್ಟು, ಒಂದೇ ಗಳಿಗೆಗೆ ಹೊರಡಿಸುತ್ತಾರೆ. ಮುಂದಿನ ದೋಣಿಯನ್ನು ಮುಟ್ಟಿದರೆ ಗೆಲುವು, ಮರುದಿನ ಆ ಎರಡು ದೋಣಿಗಳು ಜಾಗ ಬದಲಾಯಿಸಿಕೊಳ್ಳುತ್ತವೆ. ಹೀಗೆ ನಾಲ್ಕು ದಿನ. ಈ ವರ್ಷ ಮುಗಿದ ಜಾಗದಿಂದಲೇ ಮುಂದಿನ ವರ್ಷದ ಆರಂಭ. ಹಾಗಾಗಿ ಅಜ್ಜನ ಕಾಲದ ತಂಡ ಗಳಿಸಿದ್ದನ್ನು ಮೊಮ್ಮಗನ ಕಾಲದ ತಂಡ ಕಾಪಾಡಿಕೊಳ್ಳಬೇಕು. ಆಕ್ಸ್‌ಫರ್ಡಿನಲ್ಲಿ 1815ರಲ್ಲೇ ಬ್ರೇಸ್‌ನೋಸ್ ಮತ್ತು ಜೀಸಸ್ ಕಾಲೇಜುಗಳ ನಡುವೆ ಇಂಥ ಪಂದ್ಯ ನಡೆದ ದಾಖಲೆಯಿದೆ. ಕೇಂಬ್ರಿಜ್‌ನಲ್ಲಿ ಇದು ಶುರುವಾದದ್ದು 1827ರಲ್ಲಿ. ನದಿಯ ಕೊರತೆಯನ್ನೇ ಪಂದ್ಯದ ಸೊಗಸಾಗಿ ಮಾಡಿಕೊಂಡ ಈ ಜಾಣತನ ನಿಜಕ್ಕೂ ದೊಡ್ಡದು, ಅದರ ಶ್ರೇಯ ಪೂರ್ತಿ ಅವರದೇ. ಕೇಂಬ್ರಿಜ್‌ನಲ್ಲಿ ಪಂದ್ಯ ಹೊರಡುವ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ನಾಲ್ಕು ನಿಮಿಷ ಮೊದಲು ಒಂದು ತೋಪು, ಒಂದು ನಿಮಿಷ ಮೊದಲು ಇನ್ನೊಂದು. ಚುಕ್ಕಾಣಿ ಹಿಡಿದ ಕಾಕ್ಸ್ ದಡಕ್ಕೆ ಕಟ್ಟಿದ ಸರಪಳಿಯ ತುದಿಯನ್ನು ಕೈಯಲ್ಲಿ ಬಿಗಿಹಿಡಿದಿರುತ್ತಾನೆ. ದಡದ ಮೇಲಿದ್ದವರು ಗಡಿಯಾರ ನೋಡಿ ಸೆಕೆಂಡುಗಳನ್ನು ಕೂಗುತ್ತ, ಉದ್ದನೆಯ ಗಳದಿಂದ ದೋಣಿಯನ್ನು ಮೆಲ್ಲಗೆ ನಡುನೀರಿಗೆ ತಳ್ಳುತ್ತಾರೆ. ಸರಪಳಿ ಬಿಗಿಯಾಗುವುದಕ್ಕೂ ಮೂರನೆಯ ತೋಪು ಸಿಡಿಯುವುದಕ್ಕೂ ಸರಿಹೋಗಬೇಕು. ಆಟ ಅಪಾಯದ್ದೂ ಹೌದು: 1888ರಲ್ಲಿ ಹಿಂದಿನ ದೋಣಿಯ ಚೂಪು ಮೂತಿ ಚುಚ್ಚಿ ಕ್ಲೇರ್ ಕಾಲೇಜಿನ ವಿದ್ಯಾರ್ಥಿಯೊಬ್ಬ ಪ್ರಾಣ ಬಿಟ್ಟ. ಆಮೇಲೆ ಮೂತಿಗೆ ರಬ್ಬರ್ ಚೆಂಡು ಹಾಕುವುದು ಕಡ್ಡಾಯವಾಯಿತು. ಇಂದು ಲೋಕದ ಯಾವ ರೋಯಿಂಗ್ ದೋಣಿಯನ್ನು ನೋಡಿದರೂ ಮುಂತುದಿಯಲ್ಲಿ ಆ ಚೆಂಡು ಕಾಣುತ್ತದೆ.

ಆದರೆ ಈ ವಿದ್ಯಾರ್ಥಿಗಳಿಗೆ ದೋಣಿ ಕೊಟ್ಟವರು ಯಾರು? ರೈಲು ಬರುವ ಮೊದಲು ಥೇಮ್ಸ್ ನದಿ ಲಂಡನ್ನಿನ ಹೆದ್ದಾರಿಯಾಗಿತ್ತು, ಜನರನ್ನು ದಡದಿಂದ ದಡಕ್ಕೆ ಸಾಗಿಸುವ ಅಂಬಿಗರ ದೊಡ್ಡ ಸಮುದಾಯವೇ ಅಲ್ಲಿತ್ತು. ವರ್ಷಗಟ್ಟಲೆ ಕೆಲಸ ಕಲಿತು ಅಂಬಿಗರಾದ ಹುಡುಗರಿಗಾಗಿ ಡಾಗೆಟ್ ಎಂಬ ನಟ ಏರ್ಪಡಿಸಿದ ಪಂದ್ಯ 1715ರಿಂದಲೇ ನಡೆಯುತ್ತಿದೆ. ಅಂದರೆ ಆಕ್ಸ್‌ಫರ್ಡಿನ ಮೊದಲ ದಾಖಲೆಗಿಂತ ಸರಿಯಾಗಿ ನೂರು ವರ್ಷ ಹಿಂದೆ, ಕೂಲಿಗಾಗಿ ಹುಟ್ಟು ಹಾಕುವವರು ಪಂದ್ಯಕ್ಕಾಗಿಯೂ ಹುಟ್ಟು ಹಾಕುತ್ತಿದ್ದರು. ಮೊದಮೊದಲು ಕಾಲೇಜು ದೋಣಿಗಳಲ್ಲಿ ಇಂಥ ಅಂಬಿಗರೂ ಕೂರುತ್ತಿದ್ದರು. ಅವರು ಕೂತದ್ದು ಸರಿಯೇ ತಪ್ಪೇ ಎಂದು ಕಾಲೇಜುಗಳ ನಡುವೆ ಜಗಳವಾಗಿ, ಕೊನೆಗೆ ಕೂಲಿಯವರನ್ನು ಕೂರಿಸಬಾರದೆಂಬ ಕಟ್ಟಳೆ ಬಂತು. 1829ರ ಜೂನ್ 10ರಂದು ಹೆನ್ಲಿಯಲ್ಲಿ ಎರಡು ವಿಶ್ವವಿದ್ಯಾಲಯಗಳ ಮೊದಲ ಪಂದ್ಯ ನಡೆದು ಆಕ್ಸ್‌ಫರ್ಡ್ ಗೆದ್ದಿತಲ್ಲ, ಆ ಗೆದ್ದ ದೋಣಿಯನ್ನು ಕಟ್ಟಿದವರು ಸ್ಟೀಫನ್ ಡೇವಿಸ್ ಮತ್ತು ಐಸಾಕ್ ಕಿಂಗ್ ಎಂಬ ಆಕ್ಸ್‌ಫರ್ಡಿನ ದೋಣಿಗಾರರು. ಆ ಪಂದ್ಯದ ಸವಾಲಿನ ಹಿಂದಿದ್ದ ಚಾರ್ಲ್ಸ್ ವರ್ಡ್ಸ್‌ವರ್ತ್ ಮತ್ತು ಚಾರ್ಲ್ಸ್ ಮೆರಿವೇಲ್ ಎಂಬ ಇಬ್ಬರು ವಿದ್ಯಾರ್ಥಿಗಳ ಹೆಸರು ಎಲ್ಲ ಪುಸ್ತಕಗಳಲ್ಲೂ ಇದೆ. ಡೇವಿಸ್ ಮತ್ತು ಕಿಂಗ್ ಹೆಸರು ಸಿಗಬೇಕಾದರೆ ಹುಡುಕಬೇಕು.

ಇದು ಆರಂಭದ ಕಾಲದ ಮಾತು, ಆಮೇಲೆ ಕಾಲೇಜಿನವರು ತಮ್ಮ ಕಾಲ ಮೇಲೆ ತಾವು ನಿಂತರು ಎನ್ನುವವರಿದ್ದಾರೆ. ಪುರಾವೆ ಇದಕ್ಕೆ ವಿರುದ್ಧವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೋಯಿಂಗ್ ದೋಣಿಯ ರೂಪವನ್ನೇ ಬದಲಿಸಿದ ಮೂರು ಸುಧಾರಣೆಗಳಿವೆ. ಹುಟ್ಟನ್ನು ಆನಿಸುವ ಗೂಟ ಮೊದಲು ದೋಣಿಯ ಅಂಚಿನಲ್ಲೇ ಇರುತ್ತಿತ್ತು, ಹಾಗಾಗಿ ಉದ್ದ ಹುಟ್ಟಿಗೆ ಅಗಲ ದೋಣಿಯೇ ಬೇಕಾಗುತ್ತಿತ್ತು. ಅಂಚಿನಿಂದ ಆಚೆಗೆ ಕಬ್ಬಿಣದ ತೋಳು ಚಾಚಿ, ಅದರ ತುದಿಯಲ್ಲಿ ಹುಟ್ಟನ್ನು ಕೂರಿಸಿದರೆ ದೋಣಿಯನ್ನು ಎಷ್ಟು ಬೇಕಾದರೂ ಕಿರಿದು ಮಾಡಬಹುದು. 1840ರ ದಶಕದಲ್ಲಿ ಈ ತೋಳನ್ನು ಪಂದ್ಯಕ್ಕೆ ಒಪ್ಪುವಂತೆ ಹದಗೊಳಿಸಿದವರಲ್ಲಿ ಮುಖ್ಯನಾದವನು ಹ್ಯಾರಿ ಕ್ಲಾಸ್ಪರ್. ಉತ್ತರ ಇಂಗ್ಲೆಂಡಿನ ಟೈನ್ ನದಿಯ ದಡದವನು, ಹುಡುಗನಾಗಿದ್ದಾಗ ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ವಿಶ್ವವಿದ್ಯಾಲಯಗಳು ಈ ತೋಳುಗಳನ್ನು ತಮ್ಮ ಪಂದ್ಯದಲ್ಲಿ ಬಳಸಿದ್ದು 1846ರಲ್ಲಿ. ಎರಡನೆಯದು ದೋಣಿಯ ತಳದ ಏಣನ್ನು ತೆಗೆದು ಮೈಯನ್ನು ನುಣುಪು ಮಾಡಿದ್ದು. ಇದು ನ್ಯೂಕಾಸಲ್‌ನ ಹಡಗು ಬಡಗಿ ಮ್ಯಾಟ್ ಟೇಲರ್‌ನ ಕೆಲಸ. ಅವನು ಕಟ್ಟಿದ ಎಂಟರ ದೋಣಿಯಲ್ಲಿ ರಾಯಲ್ ಚೆಸ್ಟರ್ ಕ್ಲಬ್ಬು 1856ರಲ್ಲಿ ಹೆನ್ಲಿ ಪಂದ್ಯಾವಳಿಯ ಅತಿ ದೊಡ್ಡ ಬಹುಮಾನ ಗೆದ್ದಿತು. ಅದನ್ನು ಕಂಡ ಆಕ್ಸ್‌ಫರ್ಡ್ ಮರುವರ್ಷವೇ ಅವನ ಮಾದರಿಯ ದೋಣಿ ಇಳಿಸಿ ಕೇಂಬ್ರಿಜ್ ಅನ್ನು ಸೋಲಿಸಿತು. ಮೂರನೆಯದು ಹಿಂದೆ ಮುಂದೆ ಜಾರುವ ಆಸನ. ಅಮೆರಿಕದಲ್ಲೂ ಇದರ ಪ್ರಯೋಗಗಳು ನಡೆದಿದ್ದವು. ಇಂಗ್ಲೆಂಡಿನಲ್ಲಿ ಅದನ್ನು ಪಂದ್ಯಕ್ಕೆ ತಂದವರು 1871ರಲ್ಲಿ ಮತ್ತೆ ಟೈನ್ ನದಿಯ ವೃತ್ತಿಪರರು. ಆಕ್ಸ್‌ಫರ್ಡ್, ಕೇಂಬ್ರಿಜ್‌ನವರು 1873ರಲ್ಲಿ ಅದರ ಮೇಲೆ ಕೂತರು. ಮೂರು ಸಲವೂ ಒಂದೇ ದಾರಿ: ಹೊಟ್ಟೆಪಾಡಿಗಾಗಿ ನೀರಿಗಿಳಿದವರು ಕಂಡುಕೊಂಡದ್ದು ಒಂದೆರಡು ವರ್ಷ ತಡವಾಗಿ ಕಾಲೇಜಿನವರಿಗೆ ತಲುಪುತ್ತದೆ. ಹಣಕ್ಕಾಗಿ ಪಂದ್ಯ ಕಟ್ಟಿದವನಿಗೆ ಸೋಲು ಎಂದರೆ ಮನೆಯ ಒಲೆ ಹೊತ್ತದ ದಿನ. ದೋಣಿಯ ತೂಕದಲ್ಲಿ ಒಂದು ಸೇರು ಕಡಿಮೆಯಾದರೂ ಅವನಿಗೆ ಅದು ದೊಡ್ಡ ಸಂಗತಿಯೇ.

ತರಬೇತಿಯ ವಿಷಯದಲ್ಲೂ ಹೀಗೆಯೇ. ಟರ್ಮಿನ ಉದ್ದಕ್ಕೂ ತಂಡದವರು ಒಂದೇ ಮೇಜಿನಲ್ಲಿ ಕೂತು ಉಣ್ಣುತ್ತಿದ್ದ ಆ ಪ್ರಸಿದ್ಧ ಪಥ್ಯ, ಅಂದರೆ ಅರೆಬೆಂದ ದನದ ಮಾಂಸ, ಒಣ ಬ್ರೆಡ್ಡು, ಅಳತೆ ಮಾಡಿ ಕೊಟ್ಟ ಬಿಯರ್, ಬಾಯಾರಿದರೂ ಸಿಗದ ನೀರು, ಇವೆಲ್ಲ ಬಂದದ್ದು ಹಣಕ್ಕೆ ಗುದ್ದಾಡುವ ಜಟ್ಟಿಗಳನ್ನೂ ಪಂತಕ್ಕೆ ನಡೆಯುವವರನ್ನೂ ತಯಾರು ಮಾಡುತ್ತಿದ್ದ ತರಬೇತುಗಾರರ ಪದ್ಧತಿಯಿಂದ. ಕಾಲೇಜಿನವರು ಅದನ್ನು ಹಾಗೆಯೇ ಎತ್ತಿಕೊಂಡರು. ಇಲ್ಲಿ ವಿದ್ಯಾಸಂಸ್ಥೆಗಳು ತಮ್ಮ ಕಡೆಯಿಂದ ಸೇರಿಸಿದ್ದೂ ಇದೆ, ಅದು ಬೆಲೆಯುಳ್ಳದ್ದೇ. ಆಕ್ಸ್‌ಫರ್ಡಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಆರ್ಚಿಬಾಲ್ಡ್ ಮೆಕ್ಲಾರೆನ್ 1866ರಲ್ಲಿ ತರಬೇತಿಯ ಬಗ್ಗೆ ಪುಸ್ತಕ ಬರೆದು, ಈ ಪಥ್ಯವನ್ನು ವಿವೇಕದ ಒರೆಗೆ ಹಚ್ಚಿದರು. ಮರುವರ್ಷ ಸ್ಕೀ ಎಂಬ ಹೆಸರಾಂತ ಶಸ್ತ್ರವೈದ್ಯರು ದಿ ಟೈಮ್ಸ್ ಪತ್ರಿಕೆಗೆ ಬರೆದು, ವಿಶ್ವವಿದ್ಯಾಲಯಗಳ ಪಂದ್ಯದ ಶ್ರಮ ಹುಡುಗರ ಹೃದಯವನ್ನು ಕೆಡಿಸುತ್ತದೆ ಎಂದು ಎಚ್ಚರಿಸಿದಾಗ, ಜಾನ್ ಮಾರ್ಗನ್ ಎಂಬ ವೈದ್ಯರು ಊಹೆಗೆ ಊಹೆಯಿಂದ ಉತ್ತರ ಕೊಡಲಿಲ್ಲ. ಸ್ವತಃ ಆಕ್ಸ್‌ಫರ್ಡಿನಲ್ಲಿ ಹುಟ್ಟು ಹಾಕಿದ್ದ ಅವರು 1829ರಿಂದ 1869ರವರೆಗೆ ವಿಶ್ವವಿದ್ಯಾಲಯದ ಪಂದ್ಯದಲ್ಲಿ ಭಾಗವಹಿಸಿದ 294 ಜನರ ವಿವರ ಸಂಗ್ರಹಿಸಿದರು. 115 ಜನರಿಗೆ ರೋಯಿಂಗಿನಿಂದ ಒಳ್ಳೆಯದಾಗಿತ್ತು, 162 ಜನರಿಗೆ ಕೆಟ್ಟದ್ದಾಗಿರಲಿಲ್ಲ, 17 ಜನರಿಗೆ ಹಾನಿಯಾಗಿತ್ತು. 1873ರಲ್ಲಿ ಪ್ರಕಟವಾದ ಈ ಅಧ್ಯಯನ ಕ್ರೀಡೆಯ ಪರಿಣಾಮವನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಮೊದಮೊದಲ ಕೆಲಸಗಳಲ್ಲಿ ಒಂದು. ಕಸುಬು ನದಿಯ ದಡದಿಂದ ಬಂತು, ಅದನ್ನು ಅಳೆದು ತೂಗುವ ಬುದ್ಧಿ ಕಾಲೇಜಿನಿಂದ ಬಂತು. ಎರಡೂ ಕೂಡಿ ನಡೆದಿದ್ದರೆ ಎಷ್ಟು ಚೆನ್ನಿತ್ತು!

ಕೂಡಿ ನಡೆಯಲು ಬಿಡಲಿಲ್ಲ. 1878ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಸೇರಿದ ಪ್ರಮುಖ ಕ್ಲಬ್ಬುಗಳ ಸಭೆ ಹವ್ಯಾಸಿ ಎಂದರೆ ಯಾರು ಎಂಬುದಕ್ಕೆ ವ್ಯಾಖ್ಯೆ ಬರೆಯಿತು. 1879ರಲ್ಲಿ ಹೆನ್ಲಿ ಪಂದ್ಯಾವಳಿಯ ಆಡಳಿತಗಾರರು ತಮ್ಮದೇ ವ್ಯಾಖ್ಯೆ ಹೊರಡಿಸಿದರು. 1882ರಲ್ಲಿ ಹುಟ್ಟಿದ ಅಮೆಚೂರ್ ರೋಯಿಂಗ್ ಅಸೋಸಿಯೇಷನ್ ಅದೇ ಹಾದಿ ಹಿಡಿಯಿತು. ಹಣಕ್ಕಾಗಿ ಪಂದ್ಯ ಆಡಿದವನು ಹವ್ಯಾಸಿಯಲ್ಲ ಎಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅಷ್ಟಕ್ಕೇ ನಿಲ್ಲದೆ, ಜೀವನಕ್ಕಾಗಿ ದೋಣಿಗಳ ಕೆಲಸ ಮಾಡಿದವನೂ ಅಲ್ಲ, ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಕಾರ ಇವರು ಯಾರೂ ಅಲ್ಲ ಎಂದರು. ಜೀವನದಲ್ಲಿ ಒಂದು ಕಾಸಿನ ಪಂದ್ಯವನ್ನೂ ಆಡದ ಬಡಗಿ, ಬಡಗಿಯಾದ ಒಂದೇ ಕಾರಣಕ್ಕೆ ಹೊರಗಾದ. ಇದು ಹಣದ ಮಾತಲ್ಲ, ಹುಟ್ಟಿನ ಮಾತು. ಜಾತಿಯ ಲೆಕ್ಕಾಚಾರ ಕಂಡು ಬೆಳೆದ ನಮಗೆ ಇದರ ಒಳಗುಟ್ಟನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಈ ನಿಯಮವನ್ನು ಸಮರ್ಥಿಸುವವರ ಮಾತುಗಳನ್ನೂ ಕೇಳಬೇಕು. ದಿನವಿಡೀ ಹುಟ್ಟು ಹಾಕುವ ಅಂಬಿಗನ ತೋಳಿನ ಎದುರು ಪುಸ್ತಕ ಹಿಡಿದ ಹುಡುಗನಿಗೆ ನ್ಯಾಯ ಸಿಗುವುದಿಲ್ಲ ಎಂಬುದು ಒಂದು. ಈ ಮಾತಿನಲ್ಲಿ ಹುರುಳಿದೆ, ಆದರೆ ಅದು ಅಂಬಿಗನಿಗೆ ಅನ್ವಯಿಸುತ್ತದೆಯೇ ಹೊರತು ದೋಣಿಯನ್ನೇ ಮುಟ್ಟದ ನೇಕಾರನಿಗೋ ಮುದ್ರಣಾಲಯದ ಕೆಲಸಗಾರನಿಗೋ ಅಲ್ಲ. ವರ್ಷಕ್ಕೆ ಆರೇಳು ತಿಂಗಳು ಬಿಡುವಾಗಿ ಅಭ್ಯಾಸ ಮಾಡಬಲ್ಲ ವಿದ್ಯಾರ್ಥಿಯ ಎದುರು, ಹತ್ತು ಗಂಟೆ ದುಡಿದು ಸಂಜೆ ನದಿಗೆ ಬರುವವನಿಗೆ ಯಾವ ಅನುಕೂಲವಿತ್ತು? ವೃತ್ತಿಪರರ ಪಂದ್ಯಗಳಲ್ಲಿ ಜೂಜು, ಮೋಸ ತುಂಬಿದ್ದವು ಎಂಬುದು ಇನ್ನೊಂದು. ಅದೂ ಸುಳ್ಳಲ್ಲ. ಆದರೆ ಪಂತ ಕಟ್ಟುತ್ತಿದ್ದವರಲ್ಲಿ ಶ್ರೀಮಂತರೂ ಇದ್ದರು. ಮೊದಲ ಪಂದ್ಯಗಳ ಕಾಲದಲ್ಲಿ ಕಾಲೇಜುಗಳೂ ಬಾಜಿಯಿಂದ ದೂರ ಇರಲಿಲ್ಲ. ರೋಗ ಜೂಜಾಗಿದ್ದರೆ ಜೂಜನ್ನು ನಿಷೇಧಿಸಬಹುದಿತ್ತು. ಇನ್ನು ಮೂರನೆಯ ಮಾತು, ಕಾಲೇಜುಗಳು ತಮ್ಮದೇ ಗುರುಗಳನ್ನು ಬೆಳೆಸಿದವು ಎಂಬುದು. ನಿಜ. ಲೇಖಕಿ ವರ್ಜೀನಿಯಾ ವುಲ್ಫ್‌ರ ತಂದೆ ಲೆಸ್ಲಿ ಸ್ಟೀಫನ್ ಟ್ರಿನಿಟಿ ಹಾಲ್‌ನ ಅಧ್ಯಾಪಕರಾಗಿದ್ದಾಗ ಕ್ಯಾಮ್ ನದಿಯ ದಡದಲ್ಲಿ ಓಡುತ್ತ ತಂಡಕ್ಕೆ ಕೂಗಿ ಹೇಳಿಕೊಡುತ್ತಿದ್ದರು. ಆಸ್ಟ್ರೇಲಿಯಾದಿಂದ ಬಂದ ಸ್ಟೀವ್ ಫೇರ್‌ಬೇರ್ನ್ ಕೇಂಬ್ರಿಜ್‌ನ ಜೀಸಸ್ ಕಾಲೇಜಿನಲ್ಲಿ ಮುಂದೆ ಒಂದು ಪಂಥವನ್ನೇ ಕಟ್ಟಿದರು. ಆದರೆ ಅವರ ಮತ್ತು ಸಂಪ್ರದಾಯಸ್ಥರ ಜಗಳ ಯಾವುದರ ಬಗ್ಗೆ ಎಂದು ನೋಡಿ. ಜಾರುವ ಆಸನ ಬಂದ ಮೇಲೂ ಕಾಲೇಜಿನ ಸಂಪ್ರದಾಯಸ್ಥರು ಬೆನ್ನು ನೆಟ್ಟಗಿಟ್ಟು ಮೈ ತೂಗುವ ಹಳೆಯ ಅಂದಕ್ಕೆ ಅಂಟಿಕೊಂಡಿದ್ದರು. ಫೇರ್‌ಬೇರ್ನ್ ಕಾಲಿನ ಒತ್ತಿಗೂ ನೀರಿನೊಳಗಿನ ಹುಟ್ಟಿನ ಕೆಲಸಕ್ಕೂ ಗಮನ ಕೊಡಿ ಎಂದರು. 1880ರಲ್ಲಿ ಕೆನಡಾದ ವೃತ್ತಿಪರ ನೆಡ್ ಹ್ಯಾನ್ಲನ್ ಥೇಮ್ಸ್‌ನಲ್ಲೇ ಆಸನದ ಪೂರ್ತಿ ಉಪಯೋಗ ಪಡೆದು ಗೆದ್ದು ತೋರಿಸಿದ್ದ. ಬಾಗಿಲು ಹಾಕಿಕೊಂಡವರಿಗೆ ಆ ಪಾಠ ಅರಗಲು ಬಹುಕಾಲ ಹಿಡಿಯಿತು. ನಿಯಮದ ನಷ್ಟ ಹೊರಗಿದ್ದವರಿಗೆ ಮಾತ್ರ ಆಗಲಿಲ್ಲ.

ಆ ಕಾಲದ ನೀತಿಯೇ ಹಾಗಿತ್ತು, ಇಂದಿನ ಅಳತೆಗೋಲಿನಿಂದ ಅಳೆಯಬೇಡಿ ಎನ್ನುವವರಿಗೆ ಉತ್ತರ ಅದೇ ಕಾಲದಲ್ಲಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಆರಂಭದ ಸಂಪಾದಕರಲ್ಲಿ ಒಬ್ಬರಾದ ಫ್ರೆಡರಿಕ್ ಫರ್ನಿವಾಲ್ ಟ್ರಿನಿಟಿ ಹಾಲ್‌ನಲ್ಲಿ ಓದಿ, ಅಲ್ಲಿಯೇ ರೋಯಿಂಗಿನ ಗೀಳು ಹಚ್ಚಿಕೊಂಡವರು. ಕೆಲಸಗಾರರಿಗೆ ಪಾಠ ಹೇಳುತ್ತಿದ್ದ ಅವರಿಗೆ ಈ ನಿಯಮ ಸಹಿಸಲಾಗಲಿಲ್ಲ. 1890ರಲ್ಲಿ ದುಡಿಯುವವರನ್ನೂ ಹವ್ಯಾಸಿಗಳೆಂದು ಒಪ್ಪುವ ನ್ಯಾಷನಲ್ ಅಮೆಚೂರ್ ರೋಯಿಂಗ್ ಅಸೋಸಿಯೇಷನ್ ಹುಟ್ಟಿದಾಗ ಅವರು ಅದರ ಬೆನ್ನಿಗೆ ನಿಂತರು. 1896ರಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿ ಹುಡುಗಿಯರಿಗಾಗಿಯೇ ಕ್ಲಬ್ಬು ತೆರೆದರು. ಆಗಿನ್ನೂ ಕೇಂಬ್ರಿಜ್‌ನ ನ್ಯೂನಮ್ ಕಾಲೇಜಿನ ಹೆಣ್ಣುಮಕ್ಕಳು ತಮ್ಮ ದೋಣಿ ಕ್ಲಬ್ಬು ಕಟ್ಟಿ ಮೂರೇ ವರ್ಷವಾಗಿತ್ತು. 1927ರಲ್ಲಿ ಎರಡು ವಿಶ್ವವಿದ್ಯಾಲಯಗಳ ಮಹಿಳೆಯರು ಮೊದಲ ಸಲ ಎದುರಾದಾಗಲೂ ಅಕ್ಕಪಕ್ಕ ಓಡಲು ಬಿಡದೆ, ಒಂದೊಂದೇ ತಂಡವನ್ನು ಹೊರಡಿಸಿ ವೇಗಕ್ಕೂ ಅಂದಕ್ಕೂ ಅಂಕ ಕೊಟ್ಟರು. ಯಾರು ಹೇಗೆ ಹುಟ್ಟು ಹಾಕಬಹುದು ಎಂದು ತೀರ್ಮಾನಿಸುವ ಹಕ್ಕು ತಮ್ಮದೇ ಎಂಬ ಭಾವ ಕೆಲಸಗಾರರ ವಿಷಯದಲ್ಲೂ ಹೆಣ್ಣುಮಕ್ಕಳ ವಿಷಯದಲ್ಲೂ ಒಂದೇ.

ನಿಯಮ ಬಿದ್ದದ್ದು ಅದಕ್ಕೇ ನಾಚಿಕೆಯಾಗುವಂಥ ಸಂದರ್ಭದಲ್ಲಿ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಆಸ್ಟ್ರೇಲಿಯಾದ ಎಂಟು ಮಂದಿಯ ತಂಡವನ್ನು ಹೆನ್ಲಿ ಸೇರಿಸಿಕೊಳ್ಳಲಿಲ್ಲ, ಕಾರಣ ಅವರು ಪೊಲೀಸರು. ಟೀಕೆ ತಾಳಲಾರದೆ ಮರುವರ್ಷ, 1937ರಲ್ಲಿ, ಕೈಕೆಲಸದವರನ್ನು ಹೊರಗಿಡುವ ಮಾತನ್ನು ತೆಗೆದುಹಾಕಿದರು. 1956ರಲ್ಲಿ ಎರಡು ಸಂಘಗಳೂ ಒಂದಾದವು. ಇಂದು ಕಾಲೇಜು ತಂಡಗಳು ಸಂಬಳ ಕೊಟ್ಟು ತರಬೇತುದಾರರನ್ನು ಇಟ್ಟುಕೊಳ್ಳುತ್ತವೆ, ಯಾರಿಗೂ ಅದು ಮೈಲಿಗೆ ಎನಿಸುವುದಿಲ್ಲ. ನಾಲ್ಕು ದಿನವೂ ಮುಂದಿನ ದೋಣಿಯನ್ನು ಮುಟ್ಟಿದ ತಂಡ ಒಂದು ಹುಟ್ಟಿಗೆ ಬಣ್ಣ ಹಚ್ಚಿಸಿ, ಎಂಟು ಜನರ ಮತ್ತು ಕಾಕ್ಸ್‌ನ ಹೆಸರು ಬರೆಸಿ ಗೋಡೆಗೆ ತೂಗುಹಾಕುವ ಪದ್ಧತಿ ಈಗಲೂ ಇದೆ. ಆ ಗೌರವ ಅವರಿಗೆ ಸಲ್ಲಬೇಕಾದದ್ದೇ. ಕಾಲೇಜು ರೋಯಿಂಗಿನ ಚರಿತ್ರೆ ಬರೆಯುವವರು ಮಾತ್ರ ಇನ್ನು ಮುಂದೆ ಡೇವಿಸ್, ಕಿಂಗ್, ಕ್ಲಾಸ್ಪರ್, ಟೇಲರ್ ಇವರನ್ನು ಪುಸ್ತಕದ ಕೊನೆಯಲ್ಲಿ ಕೃತಜ್ಞತೆಯ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳಬಾರದು. ಅವರಿಂದಲೇ ಮೊದಲ ಅಧ್ಯಾಯ ಶುರುಮಾಡಬೇಕು.